ಸುರುಳಿಸ್ವಾಮಿಯ ನಲವತ್ತೊಂದು ಮಂತ್ರಗಳು

ನೋಂದಣಿ ಕಚೇರಿಯ ಹಿರಿಯ ಗುಮಾಸ್ತರಿಗೆ ಜೀವನದಲ್ಲಿ ಇದ್ದದ್ದು ಒಂದೇ ಕೊರಗು: ತಾವೊಬ್ಬ ಮಹಾಮಾಂತ್ರಿಕ ಎಂಬುದನ್ನು ಮನೆಯಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ಅವರು ಕಂಡವರ ಮನೆ ನಿವೇಶನಗಳ ಪತ್ರ ನಕಲು ಮಾಡುತ್ತಿದ್ದರು, ಅದು ನಿಜ. ಆದರೆ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಊಟದ ಮೇಜಿನ ಪ್ಲಾಸ್ಟಿಕ್ ಹಾಸು ಮಡಿಸಿಟ್ಟು, ನೀಲಿ ಶಾಲು ಹೊದ್ದು ಕೂತರೆಂದರೆ, ಅವರ ಕಣ್ಣಿಗೆ ಆ ಮೇಜು ಏಳು ರಾಜ್ಯಗಳ ಭೂಪಟ, ಕುರ್ಚಿ ಸಿಂಹಾಸನ. (ಕುರ್ಚಿಯ ಒಂದು ಕಾಲು ಗಿಡ್ಡ. ಸಿಂಹಾಸನ ಅಲ್ಲಾಡುತ್ತಿತ್ತು.)

ಆಟವೇನೋ ಸರಳ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ “ನಾನೀಗ ಹೀಗೆ ಮಾಡ್ತೀನಿ” ಎನ್ನುತ್ತಾರೆ. ಅದು ಆದೀತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಥೆ ನಡೆಸುವವನು ಗುಮಾಸ್ತರ ಭಾವಮೈದುನ, ಡ್ರೈವಿಂಗ್ ಶಾಲೆಯ ಮೇಷ್ಟ್ರು. ವಾರವಿಡೀ ಬೇರೆಯವರು ಓಡಿಸುವ ಕಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವವನಿಗೆ, ಬೇರೆಯವರ ಜೀವ ತನ್ನ ಕೈಯಲ್ಲಿರುವ ಆ ಮೂರು ಗಂಟೆಯೇ ಸ್ವರ್ಗ. ಪಕ್ಕದ ಮನೆಯ ಹಲ್ಲಿನ ಡಾಕ್ಟರಮ್ಮನದು ಕತ್ತಿ ಹಿಡಿದ ವೀರಾಗ್ರಣಿಯ ಪಾತ್ರ. ಬೀದಿ ಕೊನೆಯ ದರ್ಜಿಯದು ಕಳ್ಳನ ಪಾತ್ರ. (ಅವನಿಗೆ ಬಟ್ಟೆ ಹೊಲಿಯಲು ಕೊಟ್ಟ ಯಾರೂ ಈ ಆಯ್ಕೆಗೆ ಆಶ್ಚರ್ಯಪಡಲಿಲ್ಲ.)

ಗುಮಾಸ್ತರು ಮಾಂತ್ರಿಕನ ಪಾತ್ರವನ್ನೇ ಹಿಡಿದದ್ದಕ್ಕೆ ಕಾರಣವಿತ್ತು. ಆಟದ ನಿಯಮದ ಪ್ರಕಾರ ಮಾಂತ್ರಿಕನಾದವನು ಬಿಡುವಿನ ದಿನಗಳಲ್ಲಿ ಮಂತ್ರವನ್ನು ಸುರುಳಿಯ ಮೇಲೆ ಬರೆದಿಟ್ಟುಕೊಳ್ಳಬಹುದು. ಬೇಕಾದಾಗ ಬಿಚ್ಚಿ ಓದಿದರೆ ಮಂತ್ರ ಫಲಿಸುತ್ತದೆ, ಸುರುಳಿ ಉರಿದು ಬೂದಿಯಾಗುತ್ತದೆ. ಒಂದು ಸುರುಳಿ ಒಂದೇ ಸಲ. ಇದರಲ್ಲಿ ‘ಬರೆದಿಟ್ಟುಕೊಳ್ಳಬಹುದು’ ಎಂಬ ಅರ್ಧ ಗುಮಾಸ್ತರ ಎದೆಗೆ ನಾಟಿತು. ‘ಓದಿದರೆ’ ಎಂಬ ಇನ್ನರ್ಧ ಕಿವಿಗೇ ಬೀಳಲಿಲ್ಲ. ಕಥೆಯಲ್ಲಿ ಡಾಕ್ಟರಮ್ಮ, ದರ್ಜಿ ಇಬ್ಬರೂ ಗುಹೆಯೊಳಗೆ ನುಗ್ಗಿ ಬಡಿದಾಡುವಾಗ ಮಾಂತ್ರಿಕರು ಛತ್ರದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, “ನೀವು ಹೋಗ್ಬನ್ನಿ, ನಂಗೆ ಬರೆಯೋದಿದೆ” ಎನ್ನುತ್ತಿದ್ದರು. ಹೀಗೆ ಎರಡು ವರ್ಷದಲ್ಲಿ ನಲವತ್ತು ಸುರುಳಿಗಳಾದವು. ಓದಿದ್ದು ಎಷ್ಟು ಎಂದು ಕೇಳಬೇಡಿ. ದರ್ಜಿ ಅವರಿಗೆ ‘ಸುರುಳಿಸ್ವಾಮಿ’ ಎಂದು ಹೆಸರಿಟ್ಟ. ಗುಮಾಸ್ತರು ಅದನ್ನು ಬಿರುದೆಂದು ತಿಳಿದರು.

ಸುಮ್ಮನೆ ‘ಬರೆದೆ’ ಎಂದರೆ ಆಟಕ್ಕೆ ಸಾಕಿತ್ತು. ಗುಮಾಸ್ತರಿಗೆ ಸಾಕಾಗಲಿಲ್ಲ. ನಿಜವಾದ ಕಾಗದವನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ, ಹಗ್ಗಕ್ಕೆ ನೇತುಹಾಕಿ, ಇಸ್ತ್ರಿ ಹಾಕಿ, ಅಂಚನ್ನು ಮೇಣದಬತ್ತಿಗೆ ಹಿಡಿದು ಕರಕು ಮಾಡಿ, ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಪಳಗಿದ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದರು. ಅವರ ಹೆಂಡತಿ ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಒಂದು ಸೋಮವಾರ ಬೆಳಗ್ಗೆ ಆಕೆ ಹಿತ್ತಲಿನ ಹಗ್ಗದಿಂದ ಒಂದು ಬಿಳಿ ಅಂಗಿ ಹಿಡಿದು ಒಳಬಂದರು.

“ಏನ್ರೀ ಇದು?”

“ಟೀ.”

“ಟೀ ಅಂತ ನಂಗೂ ಗೊತ್ತು. ನನ್ನ ಯೂನಿಫಾರಂ ಮೇಲೆ ಯಾಕಿದೆ?”

“ಕಾಗದಕ್ಕೆ ಮುನ್ನೂರು ವರ್ಷ ವಯಸ್ಸಾಗ್ಬೇಕಲ್ಲೇ, ಅದಕ್ಕೆ ಮೇಲಿನ ಹಗ್ಗದಲ್ಲಿ ಒಣಗಹಾಕಿದ್ದೆ. ತೊಟ್ಟಿಕ್ಕಿರ್ಬೇಕು.”

“ಕಾಗದಕ್ಕಲ್ಲ, ನಿಮ್ಮ ಜೊತೆ ಏಗಿ ನಂಗಾಗಿದೆ ಮುನ್ನೂರು. ವಾರ್ಡಲ್ಲಿ ಪೇಶಂಟುಗಳು ಕೇಳಿದ್ರೆ ಏನ್ ಹೇಳ್ಲಿ? ನನ್ನ ಗಂಡ ಮಾಂತ್ರಿಕ ಅನ್ಲಾ?”

“ಅನ್ನು. ಸುಳ್ಳೇನಿದೆ?”

ಆಕೆ ಅಂಗಿಯನ್ನೂ ಗಂಡನನ್ನೂ ಒಮ್ಮೆ ನೋಡಿದರು. ಎರಡರಲ್ಲಿ ಒಂದನ್ನು ಮಾತ್ರ ಬಟ್ಟೆ ತೊಳೆಯುವ ಯಂತ್ರಕ್ಕೆ ಹಾಕಬಹುದಿತ್ತು. ಹಾಕಿದರು.

ಅದರ ಹಿಂದಿನ ದಿನವಷ್ಟೇ ಮೇಜಿನ ಸುತ್ತ ಮಹಾಜಗಳ ನಡೆದಿತ್ತು. ಕಲ್ಲಿನ ದೈತ್ಯನೊಬ್ಬ ಡಾಕ್ಟರಮ್ಮನ ವೀರಾಗ್ರಣಿಯ ಎಡಗೈಯನ್ನು ಬುಡಸಮೇತ ಕಿತ್ತಿದ್ದ. ಮಾಂತ್ರಿಕರು ಬಂಡೆಯ ಹಿಂದೆ ಕುಳಿತು ಸುರುಳಿಗಳ ಅನುಕ್ರಮಣಿಕೆ ತಿರುವಿಹಾಕುತ್ತಿದ್ದರು.

“ಗುಮಾಸ್ತ್ರೇ, ಗಾಯ ವಾಸಿ ಮಾಡೋ ಸುರುಳಿ ಇದೆಯಲ್ಲ, ಓದ್ರಿ!” ಎಂದು ಡಾಕ್ಟರಮ್ಮ ಕಿರುಚಿದರು.

“ಇದೆ, ಹನ್ನೆರಡನೇದು. ಆದ್ರೆ ಮುಂದೆ ಇದಕ್ಕಿಂತ ದೊಡ್ಡ ಆಪತ್ತು ಬಂದ್ರೆ?”

“ಇದಕ್ಕಿಂತ ದೊಡ್ಡದು ಅಂದ್ರೆ ಏನ್ ಸ್ವಾಮಿ, ತಲೆ ಹೋಗೋದಾ?” ಎಂದ ದರ್ಜಿ.

“ಹಾಂ, ತಲೆ ಹೋದ್ರೆ ನೋಡೋಣ.”

ಡಾಕ್ಟರಮ್ಮ ದಾಳವನ್ನು ಮೇಜಿನ ಮೇಲೆ ಕುಕ್ಕಿದರು. “ವಾರಕ್ಕೆ ಆರು ದಿನ ಬೇರೆಯವರು ಬಾಯಿ ಬಿಡ್ಲಿ ಅಂತ ಕಾಯ್ತೀನಿ. ಏಳನೇ ದಿನಾನೂ ಕಾಯೋಕೆ ನನ್ನ ಕೈಲಾಗಲ್ಲ. ಮುಂದಿನ ಭಾನುವಾರ ಕೋಟೆ ಮೇಲೆ ಕೊನೇ ಯುದ್ಧ. ಅವತ್ತು ಇವರು ಸುರುಳಿ ಓದ್ಲಿಲ್ಲ ಅಂದ್ರೆ, ಒಂದೋ ಇವರಿರ್ತಾರೆ, ಇಲ್ಲ ನಾನಿರ್ತೀನಿ.” ದರ್ಜಿಯೂ ತಲೆಯಾಡಿಸಿದ. ಭಾವಮೈದುನ ಕಣ್ಣು ತಪ್ಪಿಸಿ, “ಭಾವ, ನಿಯಮದಲ್ಲಿ ಓದೋದೂ ಇದೆ” ಎಂದಷ್ಟೇ ಹೇಳಿದ.

 ಗುಮಾಸ್ತರಿಗಿದ್ದ ಗೆಳೆಯರೆಂದರೆ ಈ ಮೂವರೇ. ಕಚೇರಿಯಲ್ಲಿ ಅವರೊಡನೆ ಮಾತಾಡುತ್ತಿದ್ದವರೆಲ್ಲ ನಿಲ್ಲದೆ, ನಡೆದುಕೊಂಡೇ ಮಾತಾಡುತ್ತಿದ್ದರು. ಸರಿ, ಓದಿಯೇ ಬಿಡೋಣ ಎಂದು ಅವರು ತೀರ್ಮಾನಿಸಿದರು. ಆದರೆ ಇದ್ದ ನಲವತ್ತರಲ್ಲಿ ಯಾವುದನ್ನು ಖರ್ಚು ಮಾಡುವುದು? ಪಟ್ಟಿ ಹಿಡಿದು ಒಂದೊಂದರ ಮುಂದೆಯೂ ಕೂತರು. ಮಗಳ ಮದುವೆ ಮಾಡಿ ಕಳಿಸುವ ತಂದೆಯ ಸಂಕಟ. ಕೊನೆಗೆ ಒಂದು ದಿವ್ಯಾಲೋಚನೆ ಹೊಳೆಯಿತು: ಓದುವುದಕ್ಕೆಂದೇ ನಲವತ್ತೊಂದನೆಯದನ್ನು ಹೊಸದಾಗಿ ಬರೆಯುವುದು! ಸರ್ವಾಪತ್ತುಗಳನ್ನೂ ಒಂದೇ ಉಸಿರಿಗೆ ನಿವಾರಿಸುವ ಮಹಾಸುರುಳಿ. ಭಾವಮೈದುನನಿಗೆ ಫೋನು ಹೋಯಿತು. ಅವನು ಯಾವನಿಗೋ ಕಾರು ಹಿಂದಕ್ಕೆ ತೆಗೆಯಲು ಕಲಿಸುತ್ತಿದ್ದ. “ಬರ್ಕೊಳ್ಳಿ ಭಾವ, ಬರ್ಕೊಳ್ಳಿ! ಬ್ರೇಕು, ಬ್ರೇಕು ಒತ್ರೀ!” ಎಂದ. ಎರಡನೆಯ ಮಾತು ತಮಗಲ್ಲ ಎಂದು ಗುಮಾಸ್ತರು ಸರಿಯಾಗಿಯೇ ಊಹಿಸಿದರು. (ಈಗ ಯೋಚಿಸಿದರೆ, ತಮಗೇ ಎಂದುಕೊಂಡಿದ್ದರೆ ಒಳ್ಳೆಯದಿತ್ತು.)

ಇಡೀ ವಾರ ಬರೆದರು. ಐದು ಹಾಳೆಗಳನ್ನು ಅಂಟಿಸಿ ಮಾಡಿದ ಆ ಸುರುಳಿ ಬಿಚ್ಚಿದರೆ ಬಾಗಿಲಿಂದ ಕಿಟಕಿಗೆ ಮುಟ್ಟುತ್ತಿತ್ತು. ಭಾನುವಾರ ಎರಡೂವರೆಗೆ ಎಲ್ಲ ಸಿದ್ಧವಾದಾಗ ಅವರಿಗೊಂದು ಕೊರತೆ ಕಂಡಿತು. ಇಷ್ಟು ಘನವಾದ ದಸ್ತಾವೇಜಿಗೆ ಕೆಂಪು ಅರಗಿನ ಮುದ್ರೆಯಿಲ್ಲ! ಹೆಂಡತಿ ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದರು.

“ನೋಡೇ, ಅಂಗಡಿಯಿಂದ ಒಂದ್ ತುಂಡು ಅರಗು ತರ್ತೀನಿ. ಅಷ್ಟರಲ್ಲಿ ಅವರು ಬಂದ್ರೆ ನನ್ನ ಜಾಗದಲ್ಲಿ ಕೂತಿರು. ಏನೂ ಮಾಡ್ಬೇಡ. ‘ಯೋಚಿಸ್ತಾ ಇದೀನಿ’ ಅಂತಿರು, ಸಾಕು. ನಾನೂ ಅದನ್ನೇ ಹೇಳೋದು.”

“ಅಷ್ಟು ಸುಲಭಾನಾ ಮಾಂತ್ರಿಕ ಆಗೋದು?” ಎಂದರು ಆಕೆ, ಕುರ್ಚಿ ಎಳೆದುಕೊಂಡು.

ಭಾನುವಾರ ಕಾಗದದ ಅಂಗಡಿಗಳು ಮುಚ್ಚಿರುತ್ತವೆ ಎಂಬುದು ಗುಮಾಸ್ತರಿಗೆ ಮೂರನೆಯ ಅಂಗಡಿಯ ಮುಂದೆ ನೆನಪಾಯಿತು. ಐದನೆಯ ಬೀದಿಯಲ್ಲಿ ಒಂದು ತೆರೆದಿತ್ತು. ಅಲ್ಲಿ ಅರಗಿನ ಎರಡು ಬಣ್ಣಗಳಿದ್ದವು. ಯಾವುದು ಹೆಚ್ಚು ಮಾಂತ್ರಿಕ ಎಂದು ನಿರ್ಧರಿಸಲು ಅವರಿಗೆ ಇಪ್ಪತ್ತು ನಿಮಿಷ ಬೇಕಾಯಿತು.

ಮನೆಗೆ ಬಂದಾಗ ನಾಲ್ಕೂ ಕಾಲು. ಗೇಟಿನಿಂದಲೇ ನಗು ಕೇಳಿಸಿತು. ಆ ಮೇಜಿನಿಂದ ಅಂಥ ನಗು ಅವರು ಎಂದೂ ಕೇಳಿರಲಿಲ್ಲ. ಒಳಗೆ ಕಾಲಿಟ್ಟವರು ಹೊಸ್ತಿಲ ಮೇಲೆಯೇ ನಿಂತರು. ಮೇಜಿನ ನಡುವೆ ಟೀ ಬಣ್ಣದ ಕಾಗದದ ಚೂರುಗಳ ಗುಡ್ಡೆ. ಅದರ ಹಿಂದೆ ನೀಲಿ ಶಾಲು ಹೊದ್ದು ಹೆಂಡತಿ. ಆಕೆಯ ಕೈಯಲ್ಲಿ ಮೂವತ್ತೊಂಬತ್ತನೆಯ ಸುರುಳಿ.

“ಸಿಡಿಲಿನದ್ದು ಇದು. ಬಾಗಿಲ ಹತ್ರ ನಿಂತಿರೋ ಆ ಹನ್ನೊಂದು ಜನಕ್ಕೆ,” ಎಂದು ಓದಿ, ಪರ್ರನೆ ಹರಿದು ಗುಡ್ಡೆಗೆ ಹಾಕಿದರು. ಓದಿದ ಸುರುಳಿ ಬೂದಿಯಾಗಬೇಕಲ್ಲ, ಮೇಜಿನ ಮೇಲೆ ಅದರ ಬದಲಿಗೆ ಹರಿಯುವುದು ಎಂದು ಭಾವಮೈದುನ ಎರಡು ವರ್ಷದ ಹಿಂದೆಯೇ ನಿಯಮ ಮಾಡಿದ್ದ. ಆ ನಿಯಮ ಚಲಾವಣೆಗೆ ಬಂದದ್ದು ಅಂದೇ ಮೊದಲು.

“ಅಯ್ಯೋ!” ಎಂದರು ಗುಮಾಸ್ತರು. ಅರಗು ಕೈಯಿಂದ ಬಿತ್ತು. “ಎಲ್ಲಾನೂ ಓದ್ಬಿಟ್ಯಾ?”

“ಮತ್ತೆ? ಡಾಕ್ಟರಮ್ಮನ ಭುಜದಿಂದ ವಾರದಿಂದ ರಕ್ತ ಸೋರ್ತಿದೆ. ಔಷಧಿ ಬೀರುವಲ್ಲಿ ಇಟ್ಕೊಂಡು ಪೇಶಂಟ್ ಮುಂದೆ ‘ಯೋಚಿಸ್ತಾ ಇದೀನಿ’ ಅಂದ್ರೆ ನನ್ನ ಕೆಲಸದಿಂದ ತೆಗೀತಾರೆ.”

“ನಂಗೆ ಕೈ ವಾಪಸ್ ಬಂತು ಗುಮಾಸ್ತ್ರೇ!” ಎಂದು ಡಾಕ್ಟರಮ್ಮ ತಮ್ಮ ಎಡಗೈ ಎತ್ತಿ ಆಡಿಸಿದರು. ಅದು ಮೊದಲಿಂದಲೂ ಅಲ್ಲೇ ಇತ್ತು, ಆದರೂ ಅವರ ಕಣ್ಣಲ್ಲಿ ನೀರಿತ್ತು.

“ನಾನು ಅದೃಶ್ಯ ಆಗಿ ಕೋಟೆ ಬೀಗ ತೆಗೆದೆ ಸ್ವಾಮಿ! ಎರಡು ವರ್ಷದಲ್ಲಿ ಇವತ್ತೇ ನೋಡಿ ಕಳ್ಳ ಅನ್ನಿಸ್ಕೊಂಡಿದ್ದು,” ಎಂದ ದರ್ಜಿ ಹೆಮ್ಮೆಯಿಂದ.

ಹೆಂಡತಿ ನಲವತ್ತನೆಯದನ್ನೂ ಬಿಚ್ಚಿದರು. ಎತ್ತರದಿಂದ ಬಿದ್ದರೂ ಪೆಟ್ಟಾಗದ ಮಂತ್ರ. ಅದನ್ನು ವೀರಾಗ್ರಣಿಗೂ ಕಳ್ಳನಿಗೂ ಹೇಳಿ, ಹರಿದು ಹಾಕಿದರು. ಗುಮಾಸ್ತರು ಮೇಜಿನ ಮೇಲೆ ಉಳಿದಿದ್ದ ಮಹಾಸುರುಳಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡರು. “ಇದನ್ನ ಮಾತ್ರ ಯಾರೂ ಮುಟ್ಟೋ ಹಾಗಿಲ್ಲ!”

“ಅರಗಾದ್ರೂ ಕರಗುತ್ತೆ, ಈ ಮನುಷ್ಯ ಕರಗಲ್ಲ,” ಎಂದರು ಡಾಕ್ಟರಮ್ಮ.

ಆಗ ಭಾವಮೈದುನ ಗಂಟಲು ಸರಿಮಾಡಿಕೊಂಡ. ಕೋಟೆಯೇನೋ ಕೈವಶವಾಗಿತ್ತು. ಆದರೆ ಸಾಯುವ ಮುನ್ನ ಶತ್ರುರಾಜ ಮೂವರೂ ನಿಂತಿರುವ ಬುರುಜಿನ ಆಧಾರಕಂಬ ಉರುಳಿಸಿದ್ದಾನೆ, ಇನ್ನೊಂದೇ ನಿಮಿಷದಲ್ಲಿ ಬುರುಜು ಕುಸಿಯುತ್ತದೆ ಎಂದ. ಮೇಜಿನ ಮೇಲೆ ಮರಳುಗಡಿಯಾರ ಮಗುಚಿಟ್ಟ. ವೀರಾಗ್ರಣಿಯೂ ಕಳ್ಳನೂ ಕಿಟಕಿಯಿಂದ ಹಾರಿದರು, ಪೆಟ್ಟಾಗಲಿಲ್ಲ. ಮೇಲೆ ಉಳಿದವರು ಮಾಂತ್ರಿಕರು ಒಬ್ಬರೇ.

“ಏಳೇ, ಏಳು, ನನ್ನ ಜಾಗ!” ಎಂದು ಗುಮಾಸ್ತರು ಹೆಂಡತಿಯನ್ನು ಎಬ್ಬಿಸಿ ಕೂತರು. ಕೊನೆಗೂ ತಮ್ಮ ಗಳಿಗೆ ಬಂದಿತ್ತು. ಸುರುಳಿ ಬಿಚ್ಚಿದರು. ಅದು ಉರುಳುತ್ತ ಕಿಟಕಿಯವರೆಗೆ ಹೋಯಿತು. ಗಂಭೀರ ಸ್ವರದಲ್ಲಿ ಆರಂಭಿಸಿದರು:

“ಈ ಕೆಳಗೆ ಸಹಿ ಮಾಡಿರುವ, ಇನ್ನು ಮುಂದೆ ‘ಮಾಂತ್ರಿಕ’ ಎಂದು ಕರೆಯಲ್ಪಡುವ ನಾನು, ನನ್ನ ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ, ಸ್ವಸ್ಥಚಿತ್ತನಾಗಿ ಪಠಿಸುವ ಮಂತ್ರ ಏನೆಂದರೆ, ಈ ಮಂತ್ರದಲ್ಲಿ ‘ಆಪತ್ತು’ ಎಂದರೆ ಷರತ್ತು ನಾಲ್ಕರಲ್ಲಿ ಹೇಳಿರುವ ಆಪತ್ತು ಎಂದೂ...”

“ರೀ, ಮರಳು ಅರ್ಧ ಆಯ್ತು.”

“ಮಧ್ಯೆ ಬಾಯಿ ಹಾಕ್ಬೇಡ! ‘ಬುರುಜು’ ಎಂದರೆ ಅದಕ್ಕೆ ಸೇರಿದ ಮೆಟ್ಟಿಲು, ಕಿಟಕಿ, ಗಾಳಿ, ಬೆಳಕು, ಮತ್ತು ಓಡಾಡುವ ದಾರಿಯ ಹಕ್ಕುಗಳನ್ನೂ ಒಳಗೊಂಡು...”

“ಭಾವ, ಮಂತ್ರ ಎಲ್ಲಿದೆ?”

“ಐದನೇ ಹಾಳೇಲಿ! ಚಕ್ಕುಬಂದಿ ಹೇಳದೆ ಮಂತ್ರ ಹೇಳಕ್ಕಾಗುತ್ತಾ? ಪೂರ್ವಕ್ಕೆ ಕಂದಕ, ಪಶ್ಚಿಮಕ್ಕೆ...”

ಪಶ್ಚಿಮಕ್ಕೆ ಏನಿತ್ತೋ ಯಾರಿಗೂ ತಿಳಿಯಲಿಲ್ಲ. ಮರಳು ಮುಗಿಯಿತು. ಬುರುಜು ಕುಸಿಯಿತು. ಭಾವಮೈದುನ ಮೂರು ಸಲ ದಾಳ ಉರುಳಿಸಿದ. ಅಕ್ಕನ ಗಂಡನೆಂದು ನಾಲ್ಕನೆಯ ಸಲವೂ ಉರುಳಿಸಿದ. ಆಮೇಲೆ ಮೆಲ್ಲಗೆ, “ಹೋದ್ರು,” ಎಂದ.

 ಗುಮಾಸ್ತರು ಎರಡು ವರ್ಷದಲ್ಲಿ ಮೊದಲ ಬಾರಿಗೆ ಆ ಮೇಜಿನ ಮುಂದೆ ಏನೂ ಯೋಚಿಸದೆ ಕೂತಿದ್ದರು. ಮಾಂತ್ರಿಕ ಸತ್ತದ್ದಕ್ಕಿಂತಲೂ, ತಾನಿಲ್ಲದ ಒಂದೂ ಕಾಲು ಗಂಟೆಯಲ್ಲಿ ತನ್ನ ಗೆಳೆಯರು ಅಷ್ಟು ಖುಷಿಯಾಗಿದ್ದರು ಎಂಬುದು ಅವರನ್ನು ಕುಟುಕುತ್ತಿತ್ತು.

“ನಂಗೆ ಬೇರೆ ಪಾತ್ರ ಇಲ್ವಾ?” ಎಂದರು ಕೊನೆಗೆ, ಬಹಳ ಸಣ್ಣ ದನಿಯಲ್ಲಿ.

ಡಾಕ್ಟರಮ್ಮ, ದರ್ಜಿ ಇಬ್ಬರೂ ಒಟ್ಟಿಗೆ ಮನೆಯೊಡತಿಯ ಕಡೆ ನೋಡಿದರು. “ಮಾಂತ್ರಿಕರು ನಮಗೆ ಸಿಕ್ಕಿದ್ದಾರೆ,” ಎಂದರು ಡಾಕ್ಟರಮ್ಮ. “ಅಮ್ಮಾವ್ರು ಪ್ರತಿ ಭಾನುವಾರ ಬರ್ಬೇಕು.”

“ಬೆಳಗಿನ ಪಾಳಿ ಇದ್ದಾಗ ಬರ್ತೀನಪ್ಪ,” ಎಂದು ಆಕೆ ಶಾಲು ಸರಿಮಾಡಿಕೊಂಡರು.

ಭಾವಮೈದುನ ನಿಯಮದ ಪುಸ್ತಕ ತಿರುವಿಹಾಕಿದ. “ಸತ್ತವರು ಮೊದಲನೇ ಮೆಟ್ಟಿಲಿಂದ ಶುರು ಮಾಡ್ಬೇಕು ಭಾವ. ಬೇಕಿದ್ರೆ ಅಕ್ಕನ ಶಿಷ್ಯ ಆಗ್ಬಹುದು. ಮಂತ್ರ ಗಿಂತ್ರ ಬರಲ್ಲ. ಗುರುಗಳು ಹೇಳಿದ್ದು ಮಾಡ್ಕೊಂಡಿರೋದು.”

“ಆಗ್ತೀನಿ,” ಎಂದರು ಗುಮಾಸ್ತರು. ಮೇಜಿನಿಂದ ಎದ್ದು ಹೋಗುವುದಕ್ಕಿಂತ ಅದು ವಾಸಿಯಾಗಿತ್ತು.

ಹೊಸ ಮಹಾಮಾಂತ್ರಿಕರು ಮೇಜಿನ ಮೇಲಿನ ಕಾಗದದ ಚೂರು, ಬಿಸ್ಕತ್ತಿನ ಪುಡಿ, ನಾಲ್ಕು ಲೋಟಗಳ ಗುರುತು ಎಲ್ಲವನ್ನೂ ಒಮ್ಮೆ ಅವಲೋಕಿಸಿ, ಶಿಷ್ಯನ ಕಡೆ ತಿರುಗಿದರು.

“ಶಿಷ್ಯಾ, ಮೇಜು ಒರೆಸು.”

“ಆಟದಲ್ಲೋ, ನಿಜವಾಗ್ಲೋ?” ಎಂದರು ಗುಮಾಸ್ತರು.

ಆಕೆ ಅಡುಗೆಮನೆಯ ಕಡೆ ಬೆರಳು ತೋರಿಸಿದರು. ಗುಮಾಸ್ತರು ಎದ್ದು ಅಡುಗೆಮನೆಗೆ ಹೋದರು. ಒಳಗಿನಿಂದ ಒಂದೊಂದೇ ಕಪಾಟು ತೆಗೆದು ಹಾಕುವ ಸದ್ದು ಬಹಳ ಹೊತ್ತು ಕೇಳಿಸಿತು. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು, ಒರೆಸುವ ಬಟ್ಟೆ ಎಲ್ಲಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.