ಸೋಮವಾರದ ಒಳಗೋ, ಮೇಲೋ?

ಕನ್ನಡದಲ್ಲಿ ಒಂದು ‘ಅಲ್ಲಿ’ ಸೇರಿಸಿದರೆ ಮುಗಿಯುವ ಕೆಲಸಕ್ಕೆ ಇಂಗ್ಲಿಷಿನವರು ಇನ್, ಆನ್, ಅಟ್ ಎಂದು ಮೂರು ಕಾವಲುಗಾರರನ್ನು ಇಟ್ಟಿದ್ದಾರೆ. ಛತ್ರಿ ಕಾರ್ಖಾನೆಯ ದಾಸ್ತಾನು ಗುಮಾಸ್ತ ಈ ಕಾವಲುಗಾರರ ಕೈಗೆ ಸಿಕ್ಕಿಬಿದ್ದದ್ದು ಒಂದು ರಜೆ ಅರ್ಜಿಯಿಂದ.

ಸೋಮವಾರ ಪರವೂರಿನಲ್ಲಿ ಮಗಳ ಓಟದ ಸ್ಪರ್ಧೆ. ಹೋಗಿ ಬರಲು ಬುಧವಾರದವರೆಗೆ ರಜೆ ಬೇಕಿತ್ತು. ಹಿಂದಿನ ಎರಡು ಓಟಕ್ಕೂ ಅವನು ಹೋಗಿರಲಿಲ್ಲ. “ಈ ಸಲ ನೀನು ಬರದೇ ಇದ್ರೆ ನಾನು ಓಡೋದೇ ಇಲ್ಲ ಅಪ್ಪಾ,” ಎಂದಿದ್ದಳು ಮಗಳು. ಆದರೆ ಮ್ಯಾನೇಜರ್ ತಪ್ಪು ಇಂಗ್ಲಿಷಿನ ಅರ್ಜಿಗೆ ಸಹಿ ಹಾಕುವ ಪೈಕಿ ಅಲ್ಲ. ಇಡೀ ಕಚೇರಿ ಅವರನ್ನು ಬೆನ್ನ ಹಿಂದೆ ಕೆಂಪು ಪೆನ್ನು ಎಂದೇ ಕರೆಯುತ್ತಿತ್ತು.

“ಇನ್ ಮಂಡೇ ಅಂತ ಬರೀರಿ, ಕಣ್ಣು ಮುಚ್ಕೊಂಡು,” ಎಂದ ಪಕ್ಕದ ಮೇಜಿನ ಟೈಪಿಸ್ಟ್. ಗುಮಾಸ್ತ ಬರೆದ.

“ಸೋಮವಾರ ಏನು ಬೀರೂನಾ, ಒಳಗೆ ಹೋಗಿ ಕೂತ್ಕೊಳ್ಳೋಕೆ?” ಮ್ಯಾನೇಜರ್ ಕೆಂಪು ಗೆರೆ ಎಳೆದು ಕಾಗದ ವಾಪಸು ಕೊಟ್ಟರು.

“ಸೋಮವಾರದಿಂದ ತಾನೇ ರಜೆ? ‘ಇಂದ’ ಅಂದ್ರೆ ಬೈ,” ಎಂದರು ಟಪಾಲು ವಿಭಾಗದ ಅಕ್ಕ. ‘ಲೀವ್ ಬೈ ಮಂಡೇ’ ಐದೇ ನಿಮಿಷದಲ್ಲಿ ಮರಳಿ ಬಂತು.

“ರಜೆ ಕೊಡೋನು ನಾನೋ, ಸೋಮವಾರವೋ?” ಎಂದು ಕೇಳಿದ್ದರು ಮ್ಯಾನೇಜರ್.

ಗುಮಾಸ್ತನಿಗೆ ತಲೆ ಚಿಟ್ಟು ಹಿಡಿಯಿತು. ಇವರ ಸಹವಾಸವೇ ಬೇಡವೆಂದು ಗೋದಾಮಿಗೆ ಹೋಗಿ ಬೆಂಚಿನ ಮೇಲೆ ಕುಳಿತ. ಕುಳಿತಲ್ಲೇ ಹೊಳೆಯಿತು. ದಿನ ಅಂದರೆ ಬೆಂಚು, ಮೇಲೆ ಕೂರಬೇಕು: ಆನ್. ತಿಂಗಳು ಅಂದರೆ ಗೋದಾಮು, ಒಳಗಿರಬೇಕು: ಇನ್. ಗಂಟೆ ಅಂದರೆ ಬಾಗಿಲು, ಹತ್ತಿರ ನಿಂತರೆ ಸಾಕು: ಅಟ್. ಇನ್ನು ರಜೆ ಅಂದರೆ ಪ್ರಯಾಣ. ಹೊರಡುವ ಕಡೆ ಫ್ರಮ್, ತಲುಪುವ ಕಡೆ ಟು. ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

‘ಫ್ರಮ್ ಮಂಡೇ ಟು ವೆನ್ಸ್‌ಡೇ’ ಎಂದಿದ್ದ ಮೂರನೆಯ ಅರ್ಜಿಯನ್ನು ಮ್ಯಾನೇಜರ್ ಎರಡು ಸಲ ಓದಿದರು. ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. ಎದ್ದು ಬಂದು ಗುಮಾಸ್ತನ ಕೈ ಕುಲುಕಿ, ಎಲ್ಲರನ್ನೂ ಕರೆದು ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಅವನು ಬೆಂಚು, ಗೋದಾಮು, ಬಾಗಿಲಿನ ಗುಟ್ಟು ಬಿಡಿಸಿ ಹೇಳಿದಾಗ ಟೈಪಿಸ್ಟೂ ಅಕ್ಕನೂ ಚಪ್ಪಾಳೆ ತಟ್ಟಿದರು. ಗುಮಾಸ್ತ ಉಬ್ಬಿಹೋದ.

“ಹನ್ನೆರಡು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳ್ಕೊಟ್ಟಿಲ್ಲ ಕಣ್ರೀ,” ಎಂದು ಮ್ಯಾನೇಜರ್ ಹೊಸ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಆದೇಶ ಬರೆದು ಅವನ ಮುಂದೆ ಹಿಡಿದರು. “ಓದಿ. ಎಲ್ಲೂ ತಪ್ಪಿಲ್ಲ ತಾನೇ?”

ಶುರುವೇ ‘ಇನ್‌ಸ್ಟೆಡ್ ಆಫ್’. ರಜೆಯ ಬದಲು, ಸೋಮವಾರದಿಂದ ಬುಧವಾರದವರೆಗೆ, ಇವನು ಕಚೇರಿಯವರಿಗೆಲ್ಲ ವ್ಯಾಕರಣ ಪಾಠ ಮಾಡತಕ್ಕದ್ದು.

ಮಗಳಿಗಾಗಿ ಒಂದಾದರೂ ತಪ್ಪು ಸಿಗಲಿ ಎಂದು ಗುಮಾಸ್ತ ಮೂರು ಸಲ ಓದಿದ.

“ಎಲ್ಲಾ ಸರಿಯಾಗಿದೆ ಸಾರ್,” ಎಂದ.