ನೊರೆ ಸಮೇತ ಒಂದು ಕಪ್ಪು

ನಮ್ಮ ಮನೆಯವರ ಲೆಕ್ಕದಲ್ಲಿ ಎರಡು ಅರ್ಧ ಸೇರಿದರೆ ಒಂದೂವರೆ. ನಗಬೇಡಿ! ಆಯುಷ್ಯವೆಲ್ಲ ರಾಯಪುರಂ ಹೋಟೆಲಿನಲ್ಲಿ ಕಾಫಿ ಬೆರೆಸಿದವರಿಗೆ ಲೋಕದ ಲೆಕ್ಕ ಎಲ್ಲಿಂದ ಹೊಂದಬೇಕು?

ಈಗ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಮನೆಯಲ್ಲಿ ಎಂದರೆ ನನ್ನ ಅಡುಗೆಮನೆಯಲ್ಲಿ! ನಾಲ್ಕು ಜನರಿಗೆ ಸಾರು ಮಾಡಿ ಎಂದರೆ ಇಡೀ ಬೀದಿಗೆ ಬಡಿಸುವಷ್ಟು ಮಾಡುತ್ತಾರೆ. ನಮ್ಮ ಸೌಟು ಕಂಡರೆ ಅಕ್ಕಪಕ್ಕದವರು ಬಾಗಿಲು ಹಾಕಿಕೊಳ್ಳುತ್ತಾರೆ.

ಮೊನ್ನೆ ಮಗಳ ಹುಟ್ಟುಹಬ್ಬ. ಅವಳಿಗೆ ಎಣ್ಣೂರಿನಲ್ಲಿ ಕೆಲಸ, ಬರುವುದು ಸಂಜೆಗೆ. "ಅಮ್ಮಾಗೆ ನಾನೇ ಕೇಕ್ ಮಾಡ್ತೀನಿ, ಅಂಗಡೀದು ವೇಣಾಂ, ಬೇಡವೇ ಬೇಡ!" ಎಂದು ಮೊಮ್ಮಗಳು ಶಾಲೆಯ ತಮಿಳು ಬೆರೆಸಿ ಹಟ ಹಿಡಿದಳು. ಫೋನು ನೋಡಿ ಓದಿದಳು: ಹಾಲು ಇನ್ನೂರ ನಲವತ್ತು ಎಂ.ಎಲ್., ಎಣ್ಣೆ ನೂರಿಪ್ಪತ್ತು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಪಾವು, ಸೇರು ಗೊತ್ತು; ಈ ಎಂ.ಎಲ್. ಯಾವ ಪಾತ್ರೆಯಲ್ಲಿ ಕೂರುತ್ತದೋ! ಅವಳೇ ಹುಡುಕಿ ಹೇಳಿದಳು, "ಹಾಲು ಒಂದು ಕಪ್, ಎಣ್ಣೆ ಅರ್ಧ ಕಪ್."

"ಕಪ್ಪಾ? ಅದು ನನ್ನ ಡಿಪಾರ್ಟ್‌ಮೆಂಟು!" ಎಂದು ಇವರು ಎದ್ದೇಬಿಟ್ಟರು. ನಾವಿಬ್ಬರೂ ಹಿಟ್ಟು ಜರಡಿ ಹಿಡಿದು ಈಚೆ ತಿರುಗುವಷ್ಟರಲ್ಲಿ ಎಲ್ಲ ಅಳೆದು ಸುರಿದು, ಕಲಸಿಯೂ ಆಗಿತ್ತು.

ಕುಕ್ಕರಿನಿಂದ ಇಳಿದದ್ದು ಕೇಕೋ ಕಡಪ ಕಲ್ಲೋ! ಸುತ್ತ ಎಣ್ಣೆ ಬೇರೆ ಜಿನುಗುತ್ತಿತ್ತು.

"ಅಜ್ಜಾ, ಹಾಲು ಎಷ್ಟು ಹಾಕಿದ್ರಿ?"

"ಒಂದು ಕಪ್ಪು. ನೋಡು ಬೇಕಾದ್ರೆ!" ಕೈ ತಲೆಯ ಮೇಲೆತ್ತಿ ಹಾಲನ್ನು ಅತ್ತಿಂದಿತ್ತ ಸುರಿದು ಕಪ್ಪು ತುಂಬಿಸಿಯೇ ತೋರಿಸಿದರು. ನೊರೆ ಇಳಿಯಿತು. ಉಳಿದದ್ದು ಅರ್ಧ!

"ಅಯ್ಯೋ! ಎಣ್ಣೆ?"

"ಅರ್ಧ ಅಂದ್ಯಲ್ಲ, ಬೈಟು ಲೆಕ್ಕ. ಒಂದು ಕಾಫಿ ಇಬ್ರಿಗೆ ಬೈಟು ಕೇಳಿದವನಿಗೆ ಸರೀ ಅರ್ಧ ಕೊಟ್ರೆ ನಾಳೆ ಬರ್ತಾನಾ ಮಾರಾಯ್ತಿ? ಮುಕ್ಕಾಲು ಕೊಡ್ಬೇಕು!"

ಮೊಮ್ಮಗಳು ಅಳಲು ಶುರು ಮಾಡಿದಳು. ಇವರು ಮೈದಾ ಡಬ್ಬದ ತಳ ಕೈಯಲ್ಲೇ ಬಳಿದು ನೋಡಿದರು; ಹಿಟ್ಟೂ ಮುಗಿದಿತ್ತು, ಹೊತ್ತೂ ಮುಗಿದಿತ್ತು. ಬೆಲ್ಲು ಹೊಡೆಯಿತು. ಇವರೇ ಹೋಗಿ ಬಾಗಿಲು ತೆಗೆದರು.

ಮಗಳು ಒಳಗೆ ಬಂದವಳು ಅಳುವ ಮಗುವನ್ನು ನೋಡಿದಳು, ಕೇಕನ್ನೂ ನೋಡಿದಳು. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಕಟಕ್ ಎಂದಿತು.

"ಚೆನ್ನಾಗಿಲ್ಲ ಅಲ್ವಾಮ್ಮಾ?" ಎಂದಿತು ಮಗು.

"ಹಲ್ಲು ಇದ್ರೆ ಚೆನ್ನಾಗುಂಟು," ಎಂದು ಅವಳು ಇನ್ನೊಂದು ತುಂಡು ಮುರಿದಳು. ಆಮೇಲೆ ಇವರ ಕಡೆ ತಿರುಗಿದಳು. "ಅಪ್ಪಯ್ಯ, ಸಣ್ಣವಳಿದ್ದಾಗ ನನ್ನ ಹುಟ್ಟಿದ ದಿನ ನೀವು ಹೋಟೆಲಿಂದ ಬರೋ ಹೊತ್ತಿಗೆ ನನಗೆ ನಿದ್ದೆ ಬಂದಿರ್ತಿತ್ತು. ಇವತ್ತು ಬಾಗಿಲು ತೆಗೆದದ್ದೇ ನೀವು!"

ಇವರು ಹತ್ತಿರ ಬಂದರು. ಮಗಳ ತಲೆಯ ಮೇಲೆ ಕೈಯಿಟ್ಟರು. ಕಪ್ಪು ಕೂದಲ ಮೇಲೆ ಮೈದಾಹಿಟ್ಟಿನ ಐದೂ ಬೆರಳು ಮೂಡಿದವು.

ಒರೆಸಲು ಸೆರಗು ಹಿಡಿದು ನಾನು ಹೋದರೆ, ಅವಳು ತಲೆ ಕೊಡಲೇ ಇಲ್ಲ!