ಎಡಬಾಗಿಲ ಗಾಜಿನವರ ಸನ್ನಿಧಾನಕ್ಕೆ

ಇವರಿಗೆ,
ಶ್ರೀಮಾನ್ ಎಡಬಾಗಿಲ ಗಾಜಿನವರು,
1971ರ ಕೆಂಪು ಸ್ಪೋರ್ಟ್ಸ್ ಕಾರು,
ಮನೆಯ ಪಕ್ಕದ ಶೆಡ್ಡು, ತಲ್ಲೂರು.

ವಿಷಯ: ತಾವು ಮೂರು ವರ್ಷ ಮಾಡಿದ ಸದ್ದು ಹಾಗೂ ಈಗ ಮಾಡದೆ ಇರುವ ಸದ್ದು, ಇವೆರಡರ ಬಗ್ಗೆಯೂ ದೂರು.

ಮಾನ್ಯರೇ,

ಮೊದಲಿಗೆ ತಮ್ಮ ಕ್ಷೇಮಸಮಾಚಾರ ವಿಚಾರಿಸುತ್ತಾ, ತಮ್ಮ ಮೈಮೇಲಿನ ಗೀರುಗಳು ಇನ್ನೂ ಉದ್ದವಾಗದೆ ಇರಲಿ, ಮೂಲೆಯಲ್ಲಿ ಉಳಿದ ಹಲಸಿನ ಮೇಣದ ಕಲೆ ಕಾಲಕ್ರಮೇಣ ಮಾಯಲಿ ಎಂದು ಹಾರೈಸುತ್ತಾ ಈ ಬಹಿರಂಗ ಪತ್ರವನ್ನು ಆರಂಭಿಸುತ್ತೇನೆ. ನಾನು ಪತ್ರ ಬರೆಯುವ ಪೈಕಿಯವನಲ್ಲ. ಹಿಂದೊಮ್ಮೆ ಮನೆಯೆದುರಿನ ರಸ್ತೆಯ ಹೊಂಡದ ಬಗ್ಗೆ ಸಂಬಂಧಪಟ್ಟವರಿಗೆ ಬರೆದಿದ್ದೆ, ಹೊಂಡ ಬೆಳೆಯಿತೇ ಹೊರತು ಉತ್ತರ ಬರಲಿಲ್ಲ. ತಾವಾದರೋ ಯಾರು ಏನು ಕೇಳಿದರೂ, ಕೇಳದಿದ್ದರೂ, ಒಡನೆ ಬಾಯಿ ತೆರೆಯುತ್ತಿದ್ದವರು, ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಓದುವ ಸಾರ್ವಜನಿಕರಿಗಾಗಿ ನಮ್ಮಿಬ್ಬರ ಪರಿಚಯ ಹೇಳುವುದು ಒಳ್ಳೆಯದು. ನಾನು ಮುಂಬೈಯ ಘಾಟ್‌ಕೋಪರಿನಲ್ಲಿ ಮೂವತ್ತು ವರ್ಷ ಇಡ್ಲಿ, ವಡೆ, ಚಾ ಮಾಡಿ, ಸೊಂಟ ಬೇಡ ಎಂದ ದಿನ ಊರಿಗೆ ಬಂದವನು. ಬೇರೆಯವರು ಊರಿಗೆ ಬರುವಾಗ ಫ್ರಿಜ್ಜು, ಸೋಫಾ, ದೊಡ್ಡ ಟಿ.ವಿ. ತರುತ್ತಾರೆ. ನಾನು ಪ್ರತಿದಿನ ನಮ್ಮಲ್ಲಿ ಚಾ ಕುಡಿಯುತ್ತಿದ್ದ ಒಬ್ಬ ಪಾರ್ಸಿ ಮುದುಕರಿಂದ ಈ ಕಾರನ್ನು ಪಡೆದು, ಅಂದರೆ ತಮ್ಮನ್ನು ಪಡೆದು, ಲಾರಿಯಲ್ಲಿ ಹಾಕಿಸಿ ತಂದೆ. ಎರಡೇ ಬಾಗಿಲು, ಎರಡೇ ಸೀಟು, ಇಳಿಯಬೇಕಾದರೆ ನೆಲಕ್ಕೆ ಕೈ ಊರಿ ಏಳಬೇಕು. ನನ್ನ ಹೆಂಡತಿ ಸರಸ ಸುತ್ತ ಒಂದು ಸುತ್ತು ಬಂದು, "ಇದ್ರಗೆ ಅಕ್ಕಿ ಚೀಲ ಎಲ್ಲ್ ಇಡೂದ್?" ಎಂದು ಕೇಳಿದಳು. ಇಂಥ ಕಾರಿನ ಎದುರು ಅಕ್ಕಿ ಚೀಲದ ಮಾತು ಆಡಬಾರದು ಎಂದು ನಾನು ತಿಳಿಹೇಳಿದೆ, ಆ ದಿನದಿಂದ ಅಕ್ಕಿ ಆಟೋದಲ್ಲಿ ಬರುತ್ತಿದೆ.

ಈಗ ತಮ್ಮ ಪ್ರತಿಭೆಯ ವಿಷಯಕ್ಕೆ ಬರುತ್ತೇನೆ. ಮನೆಯ ಗೇಟು ದಾಟುವಾಗ ಸಣ್ಣಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ ತಾವು, ಹೆಮ್ಮಾಡಿ ಬರುವಾಗ ಟಕಟಕವೆಂದು ಹಿಡಿದರೆ, ತ್ರಾಸಿ ಕಳೆದು ಮರವಂತೆಯ ಸಮುದ್ರದ ಗಾಳಿ ತಾಗಿದ ಕೂಡಲೇ ಪೂರ್ಣ ಪ್ರಮಾಣದಲ್ಲಿ ಕಾರ್ಯಕ್ರಮ ಆರಂಭಿಸಿ, ಬೈಂದೂರಿನ ತನಕ ಒಂದು ಕ್ಷಣ ದಣಿಯದೆ ನಡೆಸಿಕೊಡುತ್ತಿದ್ದಿರಿ. ಎಂಜಿನ್ನಿನವರು ಅಷ್ಟು ದೊಡ್ಡ ಸದ್ದು ಮಾಡಿಯೂ ತಮ್ಮೆದುರು ಹಿಮ್ಮೇಳದಲ್ಲಿ ಕೂರಬೇಕಾಯಿತು. ಬಲಬಾಗಿಲಿನ ಗಾಜಿನವರು, ನನ್ನ ಬದಿಯವರು, ತಮ್ಮ ಸ್ವಂತ ಒಡಹುಟ್ಟಿದವರಾಗಿಯೂ ಬಾಯಿ ಮುಚ್ಚಿ ಕುಳಿತಿದ್ದರು. ಪ್ರತಿ ಆದಿತ್ಯವಾರ ನಾವು ಗಂಡ ಹೆಂಡತಿ ಬೈಂದೂರಿನವರೆಗೆ ಹೋಗಿ ಬರುತ್ತಿದ್ದುದು ಗಾಳಿಸಂಚಾರಕ್ಕೆಂದು ಊರವರು ತಿಳಿದಿದ್ದಾರೆ, ಅದು ನಿಜದಲ್ಲಿ ತಮ್ಮ ಸಂಗೀತ ಕಛೇರಿಗೆ ನಾವು ಹಾಜರಾಗುತ್ತಿದ್ದ ಬಗೆ.

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಕಾರು ಬಂದ ಹೊಸತರಲ್ಲಿ ತಾವು ಇಷ್ಟು ಗಲಾಟೆಯವರಾಗಿರಲಿಲ್ಲ. ಆಗ ನಾನು ತಮ್ಮ ಸಣ್ಣ ಗುಣುಗುಣುವನ್ನೂ ನಿಲ್ಲಿಸುತ್ತೇನೆಂದು ಮೊಬೈಲಿನಲ್ಲಿ ಎರಡು ವಿಡಿಯೋ ನೋಡಿ, ಬಾಗಿಲಿನ ಒಳಹಲಗೆಯನ್ನು ಸ್ವತಃ ಬಿಚ್ಚಿ, ಟಾರ್ಚು ಹಾಕಿ ಒಳಗೆಲ್ಲ ಪರಿಶೀಲಿಸಿ, ಅಲ್ಲಲ್ಲಿ ಸ್ಪ್ಯಾನರು ತಿರುಗಿಸಿ, ಕೆಲಸ ಚೆನ್ನಾಯಿತೆಂಬ ತೃಪ್ತಿಯಿಂದ ಪುನಃ ಮುಚ್ಚಿದ್ದೆ. ತಮ್ಮ ಪೂರ್ಣ ಪ್ರಮಾಣದ ಕಾರ್ಯಕ್ರಮ ಅದರ ಮರುದಿನ ಆರಂಭವಾಯಿತು. ಇದರಿಂದ ತಮಗೆ ಉಪಕಾರಸ್ಮರಣೆ ಇಲ್ಲವೆಂದು ನಾನು ಆಗ ತೀರ್ಮಾನಿಸಿದೆ.

ಅದೇ ವರ್ಷದ ಹೊಸ್ತಿಗೆ ನಾವು ನಾವುಂದಕ್ಕೆ ಹೋದೆವು. ಹೊಸ್ತು ಎಂದರೆ ಹೊಸ ಭತ್ತದ ತೆನೆಯನ್ನು, ನಮ್ಮ ಕಡೆಯ ಕದಿರನ್ನು, ಮನೆಗೆ ತಂದು ಬಾಗಿಲು, ಕಂಬ, ಬಾವಿ, ನೇಗಿಲು, ಯಾವುದನ್ನೂ ಬಿಡದೆ ಕಟ್ಟಿ, ಹೊಸ ಅಕ್ಕಿಯ ಊಟ ಮಾಡುವ ದಿನ. ನಾವುಂದದಲ್ಲಿ ಹೆದ್ದಾರಿಯ ಬದಿಗೇ ಇರುವುದು ಸರಸಳ ಅಕ್ಕ ವನಜಕ್ಕನ ಮನೆ. ತಾಯಿ ತೀರಿದ ಮೇಲೆ ಸರಸಳಿಗೆ ತಲೆ ಬಾಚಿ ಶಾಲೆಗೆ ಕಳಿಸಿದವರು ಅವರು, ಈಗ ಮೊಣಗಂಟಿನ ನೋವಿನಿಂದ ಗೇಟು ದಾಟಿ ಹೋಗುವುದಿಲ್ಲ. ನಾನು ಅಂಗಳದಲ್ಲಿ ಕಾರು ತಂದು ನಿಲ್ಲಿಸುವಾಗ ತಾವು ಕೊನೆಯದಾಗಿ ಒಮ್ಮೆ ಜೋರಾಗಿ ನಡುಗಿದಿರಿ, ನೆಂಟರಿಷ್ಟರೆಲ್ಲ ಜಗಲಿಯಿಂದ ಇಣುಕಿದರು. ವನಜಕ್ಕನ ಗಂಡ, ನನ್ನ ಷಡ್ಡಕ ಜಯಕರ, ಎಲ್ಲರ ಎದುರು, "ಹ್ವಾಯ್ ಭೋಜಣ್ಣ, ಕಾರ್ ತಂದದ್ದಾ, ಇಲ್ಲಾ ಕಡ್ಲಿ ಹುರುಕೆ ಬಂದದ್ದಾ?" ಎಂದು ಕೇಳಿದ. ನೆಂಟರಿಷ್ಟರು ನಕ್ಕದ್ದು ಒಂದು ನಿಮಿಷ ಇರಬಹುದು, ನನಗೆ ಅದು ಪಾಯಸ ಬಡಿಸುವ ತನಕ ಕೇಳುತ್ತಲೇ ಇತ್ತು. ಹೊರಡುವಾಗ ವನಜಕ್ಕ ಕುಂಟುತ್ತ ಬಂದು, ಕಾರಿಗೂ ಕದಿರು ಬೇಕಲ್ಲ ಎಂದು, ಮಾವಿನೆಲೆಯಲ್ಲಿ ಸುತ್ತಿ ಕಟ್ಟಿದ ಒಂದು ಹಿಡಿ ತೆನೆಯನ್ನು ತಮ್ಮ ಬದಿಯ ಸಂದಿಗೆ ಸಿಕ್ಕಿಸಿದರು. ನಾನು ಥ್ಯಾಂಕ್ಸ್ ಕೂಡ ಹೇಳದೆ ಗೇರು ಹಾಕಿದೆ.

ತಮ್ಮ ಬಾಯಿ ನಿಲ್ಲುವವರೆಗೆ ಆ ಅಂಗಳಕ್ಕೆ ಕಾರು ಇಳಿಸುವುದಿಲ್ಲ ಎಂದು ಅಂದೇ ಮನಸ್ಸಿನಲ್ಲಿ ನಿಶ್ಚಯಿಸಿದೆ. ಇದನ್ನು ಸರಸಳಿಗೆ ಹೇಳಲಿಲ್ಲ, ಹೇಳಿದ್ದರೆ ನಗುತ್ತಿದ್ದಳು. ಬಸ್ಸಿನಲ್ಲಿ ಬೇಕಾದರೆ ಹೋಗಿ ಬಾ ಎಂದರೆ, "ಹೋಪದಾರೆ ಇಬ್ರೂ ಹೋಪ, ಒಬ್ಳೇ ನಾ ಹೋತಿಲ್ಲೆ" ಎಂಬುದು ಅವಳ ಹಟ. ಹೀಗಾಗಿ ಪ್ರತಿ ಆದಿತ್ಯವಾರ ಮರವಂತೆ ಕಳೆದ ಕೂಡಲೇ ಅವಳು, "ಅಕ್ಕನ್ ಮನಿಗೆ ಹೋಯಿ ಬಪ್ಪನಾ?" ಎಂದು ಕೇಳುವುದು, ತಾವು ಟಕಟಕವೆನ್ನುವುದು, ನಾನು ಕಿವಿಯ ಹತ್ತಿರ ಕೈಯಿಟ್ಟು "ಹ್ಞಾಂ? ಹೌದು, ಇವತ್ತ್ ಗಾಳಿ ಜೋರಿತ್" ಎನ್ನುವುದು, ಕಾರು ನಾವುಂದವನ್ನು ದಾಟಿ ಮುಂದೆ ಹೋಗುವುದು ಮೂರು ವರ್ಷ ನಡೆಯಿತು. ಅವಳು ಕೇಳುವುದನ್ನು ಬಿಡಲಿಲ್ಲ, ನನಗೆ ಕೇಳಿಸಲಿಲ್ಲ. ಊರವರಲ್ಲಿ ನಾನು ತಮ್ಮ ಮೇಲೆ ಹೊರಿಸಿದ ಆಪಾದನೆಗಳಲ್ಲಿ ಇದೇ ಮೊದಲನೆಯದು: ಗಾಜಿನ ದೆಸೆಯಿಂದ ಗಂಡ ಹೆಂಡತಿ ಎರಡು ಮಾತಾಡುವ ಹಾಗಿಲ್ಲ.

ತಮ್ಮನ್ನು ಶಾಂತಗೊಳಿಸಲು ನಾನು ಮಾಡಿದ ಸೇವೆಗಳನ್ನು ತಾವು ಮರೆತಿರಲಾರಿರಿ. ಸಂದಿಗೆ ಮಡಚಿದ ಮದುವೆ ಕರೆಯೋಲೆ ಇಟ್ಟೆ, ಅದು ಒಂದೇ ಮಳೆಗೆ ಮುದ್ದೆಯಾಯಿತು. ತೆಂಗಿನ ನಾರು ತುರುಕಿದೆ, ಅದರೊಳಗೆ ಇರುವೆಗಳು ಸಂಸಾರ ಹೂಡಿ ಸರಸಳ ಮೊಣಕೈಗೆ ಕಚ್ಚಿದವು. ಕೊನೆಗೆ ಈ ವರ್ಷದ ಮೇ ತಿಂಗಳಲ್ಲಿ, ಒಡೆದ ಮಡಿಕೆಯನ್ನೇ ಹಿಡಿದು ನಿಲ್ಲಿಸುವ ಹಲಸಿನ ಮೇಣ ಒಂದು ಗಾಜನ್ನು ನಿಲ್ಲಿಸದೆ ಇರುತ್ತದೆಯೇ ಎಂದು ಯೋಚಿಸಿ, ಮೂರು ಹಲಸಿನಕಾಯಿಗಳ ಮೇಣವನ್ನು ಕಡ್ಡಿಗೆ ಸುತ್ತಿ, ಬಿಸಿ ಮಾಡಿ, ತಮ್ಮ ಸುತ್ತ ಶ್ರದ್ಧೆಯಿಂದ ಮೆತ್ತಿದೆ. ತಾವು ನಿಂತಿರಿ, ಎಷ್ಟು ನಿಂತಿರೆಂದರೆ ಮೇಲೆ ಏರಿದವರು ಕೆಳಗೆ ಇಳಿಯಲೇ ಇಲ್ಲ. ಸದ್ದು ಮಾತ್ರ ಎರಡು ವಾರದ ಬಿಸಿಲಿಗೆ ಮೇಣ ಸಡಿಲಿದಾಗ ಪುನಃ ಬಂತು, ಗಾಜು ಇಳಿಯಲಿಲ್ಲ. ತ್ರಾಸಿಯಲ್ಲಿ ರಸ್ತೆ ಬದಿ ಮೀನು ಮಾರುವ ಬೆಳ್ಳಿ ಎಂಬವಳು ಬುಟ್ಟಿ ಹಿಡಿದು ಬಂದು, "ಹ್ವಾಯ್ ಸರಸಕ್ಕ, ಗಾಜ್ ಇಳ್ಸಿ, ಬಂಗ್ಡಿ ಕಾಣಿ" ಎಂದು ತಟ್ಟಿದರೆ, ಸರಸ ಒಳಗಿನಿಂದ ಕೈಸನ್ನೆಯಲ್ಲಿ ಬಂಗುಡೆಯ ಉದ್ದ ವಿಚಾರಿಸುವ ಪರಿಸ್ಥಿತಿ ಬಂತು. ಬೆವರು ಒರೆಸುತ್ತ ಅವಳು ಅಂದು ನನ್ನನ್ನು ನೋಡಿದ ನೋಟವನ್ನು ತಾವೂ ಹತ್ತಿರದಿಂದ ಕಂಡಿದ್ದೀರಿ.

ಆ ನೋಟದ ಪರಿಣಾಮವಾಗಿ ಮಳೆ ಕಡಿಮೆಯಾದ ಕೂಡಲೇ ತಮ್ಮನ್ನು ಹಾಲಾಡಿಯ ಕಮಲಾಕ್ಷನ ಗ್ಯಾರೇಜಿಗೆ ಕರೆದೊಯ್ದೆ. ಕಮಲಾಕ್ಷ ಮಾತು ಕಡಿಮೆಯ ಮನುಷ್ಯ. ಮೇಣವನ್ನು ತೆಂಗಿನೆಣ್ಣೆ ಹಚ್ಚಿ ಬಿಡಿಸಿ, ಒಳಹಲಗೆ ತೆಗೆದು, ತಾವು ಏರಿಳಿಯುವ ಚಾನೆಲ್ಲಿನಲ್ಲಿ ಸವೆದುಹೋಗಿದ್ದ ಫೆಲ್ಟ್ ಪಟ್ಟಿಯನ್ನು, ಅಂದರೆ ಗಾಜು ಅಲುಗದಂತೆ ಹಿಡಿಯುವ ಮೆತ್ತನೆಯ ಪಟ್ಟಿಯನ್ನು, ಬೆರಳಲ್ಲಿ ಎಳೆದು ತೋರಿಸಿ, ಆಮೇಲೆ ತೋಳನ್ನು ಮೊಣಕೈವರೆಗೆ ಬಾಗಿಲಿನ ಹೊಟ್ಟೆಯೊಳಗೆ ಇಳಿಸಿ ಹೊರತೆಗೆದು ಅಂಗೈ ಬಿಚ್ಚಿದ. ಅದರಲ್ಲಿ ಒಂದು ಬೋಲ್ಟು ಇತ್ತು. "ಗಾಜಿಂದ್ ಎಂತ ತಪ್ಪಿಲ್ಲೆ ಶೆಟ್ರೆ. ಪಟ್ಟಿ ಸವ್ದದ್ದಕ್ಕೆ ಇಷ್ಟ್ ಸದ್ದ್ ಬತ್ತಿಲ್ಲೆ. ಚಾನೆಲ್ ಹಿಡ್ಕಂಬು ಬೋಲ್ಟೇ ಅಡಿಗ್ ಬಿದ್ದಿತ್. ಯಾರ್ ಬಿಚ್ಚದ್ ಇದನ್ನ?" ಎಂದು ಕೇಳಿದ. ನಾನು ಹಾಲಾಡಿಯ ಜಂಕ್ಷನ್ನಿನಲ್ಲಿ ಈಗ ಎಷ್ಟು ವಾಹನಸಂದಣಿ ಎಂದು ಆಶ್ಚರ್ಯಪಟ್ಟೆ. ಸರಸ ಸ್ಪಷ್ಟವಾದ ದನಿಯಲ್ಲಿ, "ಇವ್ರೇ" ಎಂದಳು.

ಬೋಲ್ಟಿನ ಜೊತೆಗೆ ಕಮಲಾಕ್ಷನ ಅಂಗೈಯಲ್ಲಿ ಒಣಗಿ ಪುಡಿಯಾದ ಮಾವಿನೆಲೆ, ಒಂದು ತುಂಡು ನಾರು, ಹತ್ತಿಪ್ಪತ್ತು ಭತ್ತದ ಕಾಳುಗಳೂ ಇದ್ದವು. ಅದು ಎಲ್ಲಿಯ ಕದಿರು ಎಂದು ಸರಸಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಕಾಳುಗಳನ್ನು ಒಂದೊಂದಾಗಿ ಆರಿಸಿ ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡಳು, ಮನೆ ಮುಟ್ಟುವವರೆಗೆ ನನ್ನ ಹತ್ತಿರ ಮಾತಾಡಲಿಲ್ಲ. ಹೊಸ ಪಟ್ಟಿ, ಬಿಗಿದ ಬೋಲ್ಟು ಎಲ್ಲ ಸೇರಿ ತಾವು ದಾರಿಯುದ್ದಕ್ಕೂ ಒಂದಿಷ್ಟೂ ಸದ್ದು ಮಾಡಲಿಲ್ಲ. ಅಂಥ ಮೌನದಲ್ಲಿ ಕಾರು ಬಿಡುವುದು ಎಷ್ಟು ಕಷ್ಟ ಎಂದು ನನಗೆ ಅಂದು ತಿಳಿಯಿತು.

ಮುಂದಿನ ಆದಿತ್ಯವಾರ ಎಂದಿನಂತೆ ಬೈಂದೂರಿಗೆ ಹೊರಟೆವು. ಮರವಂತೆ ಕಳೆಯಿತು. ಸರಸ ಎಂದಿನ ಜಾಗದಲ್ಲಿ, ಎಂದಿನ ದನಿಯಲ್ಲಿ, "ಅಕ್ಕನ್ ಮನಿಗೆ ಹೋಯಿ ಬಪ್ಪನಾ?" ಎಂದಳು. ನನ್ನ ಕೈ ಅಭ್ಯಾಸಬಲದಿಂದ ಕಿವಿಯ ಹತ್ತಿರ ಹೋಗಿ, ಬಾಯಿ "ಹ್ಞಾಂ?" ಎಂದುಬಿಟ್ಟಿತು. ಕಾರಿನೊಳಗೆ ಒಂದು ಸೊಳ್ಳೆ ಹಾರಿದರೂ ಕೇಳಿಸುವಷ್ಟು ನಿಶ್ಶಬ್ದ. ಅವಳು ನನ್ನ ಕಡೆ ತಿರುಗಿ, "ಈಗ ಕೇಂತಲ್ದಾ?" ಎಂದಳು. ಮಾನ್ಯರೇ, ತಾವು ಅಲುಗುತ್ತಿದ್ದದ್ದು ನಿಜ, ನನಗೆ ಕೇಳಿಸುತ್ತಿರಲಿಲ್ಲ ಎಂಬುದು ನಿಜವಲ್ಲ. ಮೂರು ವರ್ಷದ ಪ್ರತಿಯೊಂದು ಆದಿತ್ಯವಾರವೂ ಸ್ಪಷ್ಟವಾಗಿ ಕೇಳಿಸಿತ್ತು. ಅವಳಿಗೂ ಅದು ಗೊತ್ತಿತ್ತು ಎಂದು ಆ ಕ್ಷಣ ತಿಳಿದಾಗ ನಾಚಿಕೆಯಾಯಿತು, ಇಂಡಿಕೇಟರು ಹಾಕಿ ಎಡಕ್ಕೆ ತಿರುಗಿಸಿದೆ.

ಜಯಕರ ಜಗಲಿಯಲ್ಲಿ ಪೇಪರು ಓದುತ್ತಿದ್ದವನು ಎದ್ದು ಬಂದು ಕೈ ಹಿಡಿದು, "ಎಂತ ಭೋಜಣ್ಣ, ಗೇಟಿನ್ ಒಳಗೇ ಬಪ್ದಿಲ್ಯಲೆ, ಪುರ್ಸೊತ್ತಿಲ್ಯಾ ಅಂದೇಳಿ ಮಾಡಿದ್ದೆ" ಎಂದ. ಕಡಲೆ ಹುರಿದ ಮಾತು ಅವನಿಗೆ ನೆನಪೇ ಇರಲಿಲ್ಲ. ಅವನು ಅದೇ ಮಧ್ಯಾಹ್ನ ಮರೆತದ್ದನ್ನು ನಾನು ಮೂರು ವರ್ಷ ಪೆಟ್ರೋಲು ಹಾಕಿ ಸಾಕಿದ್ದೆ. ವನಜಕ್ಕ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದವರು ತಂಗಿಯನ್ನು ಕಂಡು ಬಾಗಿಲಲ್ಲೇ ನಿಂತರು. ಅಳಲಿಲ್ಲ, ಬೈಯಲಿಲ್ಲ, ಸೀದಾ ಅಡುಗೆಯ ಚಿಂತೆಗೆ ಬಿದ್ದರು. "ಸದ್ದೇ ಇಲ್ದೆ ಬಂದ್ರಿ ಕಾಣಿ. ಆ ಗಾಜಿನ್ ಸದ್ದ್ ಕೇಂಡ್ ಕೂಡ್ಲೆ ನಾ ಒಂದ್ ಪಾವ್ ಅಕ್ಕಿ ಜಾಸ್ತಿ ಹಾಕ್ತಿದ್ದೆ. ಇವತ್ತ್ ಅನ್ನ ಸಾಕಾತ್ತಾ ಇಲ್ಯಾ" ಎಂದರು.

ಪ್ರತಿ ಆದಿತ್ಯವಾರವೇ ಎಂದು ಸರಸ ಕೇಳಿದಳು. ಹೌದು, ಪ್ರತಿ ಆದಿತ್ಯವಾರ. ಸದ್ದು ಮರವಂತೆಯ ಕಡೆಯಿಂದ ಬರುವುದು ಕೇಳಿ ಅಕ್ಕಿ ಹಾಕಿ, ಗೇಟಿನ ತನಕ ನಡೆದು ಬಂದು ನಿಲ್ಲುತ್ತಿದ್ದರಂತೆ. ಕಾರು ಮುಂದೆ ಹೋದ ಮೇಲೆ, ಬೈಂದೂರಿನಿಂದ ತಿರುಗಿ ಬರುವಾಗ ಬರಬಹುದೆಂದು ಅನ್ನವನ್ನು ಮುಚ್ಚಿಡುತ್ತಿದ್ದರಂತೆ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದರೆ, "ಬನ್ನಿ ಅಂದೇಳಿ ಎಷ್ಟ್ ಸಲ ಹೇಳೂದ್?" ಎಂದಷ್ಟೇ ಅಂದರು. ನಾನು ಉಂಡೆ. ಅನ್ನ ಸಾಲಲಿಲ್ಲ, ಜಯಕರ ಅರ್ಧ ಹೊಟ್ಟೆಯಲ್ಲಿ ಎದ್ದು ಹೊಟ್ಟೆ ತುಂಬಿತು ಎಂದ, ನಾನು ಅದು ಕೇಳಿಸದವನಂತೆ ಇರಲು ಪ್ರಯತ್ನಿಸಿ ಸೋತೆ.

ಆದ್ದರಿಂದ ಮಾನ್ಯರೇ, ತಮ್ಮ ಮೇಲೆ ಈವರೆಗೆ ಮಾಡಿದ ಎಲ್ಲ ಆಪಾದನೆಗಳನ್ನು ಈ ಮೂಲಕ ಬಹಿರಂಗವಾಗಿ ಹಿಂತೆಗೆದುಕೊಂಡು, ಒಂದು ಹೊಸ ದೂರನ್ನು ಸಲ್ಲಿಸುತ್ತಿದ್ದೇನೆ. ತಾವು ಈಗ ತೀರಾ ಸುಮ್ಮನಿದ್ದೀರಿ, ಇದು ಸರಿಯಲ್ಲ. ಬರುವ ತಿಂಗಳು ಹೊಸ್ತು. ಅಂದು ತಾವು ತಲ್ಲೂರಿನಿಂದ ಮರವಂತೆಯವರೆಗೆ ಈಗಿನಂತೆಯೇ ಗಾಂಭೀರ್ಯ ಕಾಪಾಡಿ, ಮರವಂತೆ ಕಳೆದ ಕೂಡಲೇ ಹೊಸ ಫೆಲ್ಟ್ ಪಟ್ಟಿಯನ್ನೂ ಬಿಗಿದ ಬೋಲ್ಟನ್ನೂ ಲೆಕ್ಕಿಸದೆ, ಹಿಂದಿನ ಅದೇ ಕಂಠದಲ್ಲಿ, ಒಬ್ಬರು ಮೊಣಗಂಟು ನೋವಿನವರು ಅಡುಗೆಮನೆಯಲ್ಲಿ ಅಕ್ಕಿಗೆ ಕೈಹಾಕಲು ಬೇಕಾದಷ್ಟು ಹೊತ್ತು ಸದ್ದು ಮಾಡಿ, ನಾವು ಗೇಟಿನ ಒಳಗೆ ತಿರುಗಿದ ಮೇಲೆ ನಿಲ್ಲಿಸಬೇಕಾಗಿ ವಿನಂತಿ. ಜಯಕರ ಕಡಲೆಯ ಮಾತೆತ್ತಿದರೆ ಎತ್ತಲಿ, ಈ ಸಲ ಕಡಲೆಯನ್ನೂ ಒಯ್ಯುತ್ತೇನೆ. ತಮ್ಮ ಸಂದಿಗೆ ಪುನಃ ಕದಿರು ಸಿಕ್ಕಿಸಿದರೆ ದಯವಿಟ್ಟು ನುಂಗಬೇಡಿ.

ಇನ್ನು ಮುಂದೆ ಸ್ಪ್ಯಾನರು ಹಿಡಿದು ತಮ್ಮ ಬಳಿ ಬರಲಾರೆನೆಂದು ಮಾತು ಕೊಡುವ,

ತಮ್ಮ ವಿಶ್ವಾಸಿ, ಆದರೆ ವಿಶ್ವಾಸಕ್ಕೆ ಅಷ್ಟೇನೂ ಅರ್ಹನಲ್ಲದ,
ಭೋಜರಾಜ ಶೆಟ್ಟಿ
ತಲ್ಲೂರು

ತಾ.ಕ.: ನಿನ್ನೆಯಿಂದ ನನ್ನ ಬದಿಯ ಬಲಬಾಗಿಲಿನ ಗಾಜಿನವರು ಸಣ್ಣಗೆ ಶುರುಮಾಡಿದ್ದಾರೆ. ಸ್ಪ್ಯಾನರನ್ನು ಸರಸ ಎಲ್ಲೋ ಬಚ್ಚಿಟ್ಟಿದ್ದಾಳೆ, ಅದು ಬೇರೆ ಮಾತು. ತಾವು ಅವರ ಹತ್ತಿರದ ಸಂಬಂಧಿಯಾದ್ದರಿಂದ ಒಂದು ಮಾತು ಮುಂಚಿತವಾಗಿ ಅವರಿಗೆ ತಿಳಿಸಿಬಿಡಿ: ಅವರು ಎಷ್ಟೇ ಜೋರು ಮಾಡಿದರೂ, ಸರಸ ಏನಾದರೂ ಕೇಳಿದರೆ ನನಗೆ ಕೇಳಿಸುತ್ತದೆ.